ಧಾರಾವಾಹಿಯ ದೃಶ್ಯವನ್ನು ಶಾಟ್ ಶಾಟ್ ಆಗಿ ಓದುವುದು ಹೇಗೆ?

ಟಿವಿ ಧಾರಾವಾಹಿಯ ದೃಶ್ಯವೊಂದನ್ನು ನೋಡಿ ಕಣ್ಣು ತುಂಬಿ ಬಂದರೆ ನಾವು ನಟಿಯನ್ನು ಹೊಗಳುತ್ತೇವೆ, ಇಲ್ಲವೇ ಸಂಭಾಷಣೆ ಬರೆದವರನ್ನು. ಆ ಗಳಿಗೆಯಲ್ಲಿ ಕ್ಯಾಮೆರಾ ಎಷ್ಟು ಹತ್ತಿರವಿತ್ತು, ಯಾರ ಮುಖದ ಮೇಲಿತ್ತು, ಎಷ್ಟು ಹೊತ್ತು ಅಲ್ಲಿಯೇ ನಿಂತಿತ್ತು ಎಂದು ಯಾರಾದರೂ ಕೇಳಿದರೆ ಥಟ್ಟನೆ ಉತ್ತರ ಹೊಳೆಯುವುದಿಲ್ಲ. ಕಣ್ಣು ನೋಡಿದೆ, ಮನಸ್ಸು ಮಿಡಿದಿದೆ, ಕಾರಣ ಮಾತ್ರ ಕೈಗೆ ಸಿಕ್ಕಿಲ್ಲ. ಆ ಕಾರಣವನ್ನು ಹುಡುಕುವ ಬಗೆಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಮಾಧ್ಯಮ ಅಧ್ಯಯನದ ವಿದ್ಯಾರ್ಥಿಗಳಿಗೂ ಕಿರುಚಿತ್ರ ಮಾಡಲು ಹೊರಟವರಿಗೂ ಇದು ನೇರವಾಗಿ ಬಳಕೆಗೆ ಬರುತ್ತದೆ.

ಶುರುಮಾಡುವ ಮುನ್ನ ಒಂದು ಮಾತು. ‘ಕ್ಲೋಸ್‌ಅಪ್ ಎಂದರೆ ಭಾವನೆ, ಲಾಂಗ್ ಶಾಟ್ ಎಂದರೆ ಒಂಟಿತನ, ಲೋ ಆಂಗಲ್ ಎಂದರೆ ಅಧಿಕಾರ’ ಎಂಬ ಪಟ್ಟಿಯನ್ನು ಕಲಿಯುವವರೆಲ್ಲ ಬಾಯಿಪಾಠ ಮಾಡುತ್ತಾರೆ. (ಶಾಟ್ ಎಂದರೆ ಒಂದು ಕತ್ತರಿಕೆಯಿಂದ ಮುಂದಿನ ಕತ್ತರಿಕೆಯವರೆಗೆ ಕಾಣುವ ಚಿತ್ರ; ಕ್ಲೋಸ್‌ಅಪ್ ಮುಖವನ್ನು ಹತ್ತಿರದಿಂದ, ಲಾಂಗ್ ಶಾಟ್ ಇಡೀ ಆಳನ್ನು ದೂರದಿಂದ, ಲೋ ಆಂಗಲ್ ಕೆಳಗಿನಿಂದ ತೋರಿಸುವುದು.) ನನಗೆ ಆ ಪಟ್ಟಿಯ ಮೇಲೆ ನಂಬಿಕೆಯಿಲ್ಲ. ಇಡೀ ದೃಶ್ಯವೇ ಕ್ಲೋಸ್‌ಅಪ್‌ಗಳಿಂದ ತುಂಬಿದ್ದರೆ ಅಲ್ಲಿ ಕ್ಲೋಸ್‌ಅಪ್‌ಗೆ ಬೆಲೆ ಎಲ್ಲಿಂದ ಬರಬೇಕು? ಅಂಥ ಕಡೆ ಎದೆ ಝಲ್ಲೆನಿಸುವುದು ಇದ್ದಕ್ಕಿದ್ದಂತೆ ಬರುವ ಒಂದು ಲಾಂಗ್ ಶಾಟ್. ಶಾಟಿನ ಅರ್ಥ ಹುಟ್ಟುವುದು ಅದಕ್ಕೂ ಅದರ ಹಿಂದಿನ ಶಾಟಿಗೂ ಇರುವ ವ್ಯತ್ಯಾಸದಲ್ಲಿ. ಹಾಗಾಗಿ ಈ ಲೇಖನದುದ್ದಕ್ಕೂ ನಾವು ಹುಡುಕುವುದು ಒಂದನ್ನೇ: ಕ್ಯಾಮೆರಾ ತನ್ನ ರೂಢಿಯನ್ನು ಮುರಿಯುವ ಜಾಗ.

ಮೊದಲ ಹಂತ: ಚಿಕ್ಕ ದೃಶ್ಯ, ಎರಡೇ ಪಾತ್ರ

ಎರಡು ನಿಮಿಷ ಮೀರದ ದೃಶ್ಯವನ್ನು ಆರಿಸಿಕೊಳ್ಳಿ. ಇಬ್ಬರು ಒಂದೇ ಜಾಗದಲ್ಲಿ ಕುಳಿತೋ ನಿಂತೋ ಮಾತನಾಡುತ್ತಿರಬೇಕು; ದೃಶ್ಯ ಮುಗಿಯುವ ಹೊತ್ತಿಗೆ ಅವರ ನಡುವೆ ಏನಾದರೊಂದು ಬದಲಾಗಿರಬೇಕು. ಹೊಡೆದಾಟ, ಬೆನ್ನಟ್ಟುವಿಕೆ, ಜನಜಂಗುಳಿಯ ದೃಶ್ಯಗಳನ್ನು ಆಮೇಲೆ ನೋಡಿಕೊಳ್ಳಬಹುದು. ಅಲ್ಲಿ ಶಾಟ್‌ಗಳು ಕಣ್ಣೆವೆ ಮುಚ್ಚುವಷ್ಟರಲ್ಲಿ ಹಾರಿಹೋಗುತ್ತವೆ.

ಒಂದು ಸಲ ಸುಮ್ಮನೆ ನೋಡಿ. ಮುಗಿದ ಕೂಡಲೇ ಒಂದೇ ವಾಕ್ಯ ಬರೆಯಿರಿ: ಆರಂಭದಲ್ಲಿ ಯಾರ ಕೈ ಮೇಲಿತ್ತು, ಕೊನೆಯಲ್ಲಿ ಯಾರದು ಮೇಲಾಯಿತು, ನಿಮ್ಮ ಮನಸ್ಸು ಯಾರ ಪಕ್ಕದಲ್ಲಿ ನಿಂತಿತು. ಈ ವಾಕ್ಯವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ಕಂಡುಕೊಳ್ಳುವುದನ್ನೆಲ್ಲ ಇದರ ಪಕ್ಕದಲ್ಲಿಟ್ಟು ನೋಡಬೇಕು. ಈ ಸಾಲು ಬರೆಯದೆ ನೇರವಾಗಿ ಶಾಟ್ ಎಣಿಸಲು ಕುಳಿತವರು ಕೊನೆಗೆ ಬರೀ ಲೆಕ್ಕದ ಪಟ್ಟಿ ಹಿಡಿದುಕೊಂಡು ಏಳುತ್ತಾರೆ.

ಎರಡನೆಯ ಹಂತ: ಸದ್ದು ಅಡಗಿಸಿ ಶಾಟ್ ಪಟ್ಟಿ ಬರೆಯುವುದು

ಈಗ ಧ್ವನಿಯನ್ನು ಪೂರ್ತಿ ನಿಲ್ಲಿಸಿ. ಮಾತು ಕಿವಿಗೆ ಬೀಳುತ್ತಿರುವವರೆಗೂ ಕಣ್ಣು ಸೋಮಾರಿಯಾಗಿಯೇ ಇರುತ್ತದೆ. ಚಿತ್ರ ಕತ್ತರಿಸಿ ಬೇರೊಂದು ಚಿತ್ರ ಬಂದ ಪ್ರತಿ ಕಡೆಯೂ ನಿಲ್ಲಿಸಿ, ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆಯಿರಿ: ಶಾಟಿನ ಸಂಖ್ಯೆ, ಅಳತೆ, ಚೌಕಟ್ಟಿನಲ್ಲಿ ಯಾರಿದ್ದಾರೆ, ಎಷ್ಟು ಸೆಕೆಂಡ್ ಇತ್ತು. ಕೊನೆಯಲ್ಲಿ ಎರಡು ಕಾಲಂ ಖಾಲಿ ಬಿಡಿ. ಒಂದು ಮಾತಿಗೆ, ಇನ್ನೊಂದು ಸದ್ದಿಗೆ.

ಅಳತೆಯ ಹೆಸರುಗಳಲ್ಲಿ ತಲೆಕೆಡಿಸಿಕೊಳ್ಳಬೇಕಾದದ್ದು ಹೆಚ್ಚೇನೂ ಇಲ್ಲ. ಅಡಿಯಿಂದ ಮುಡಿಯವರೆಗೆ ಆಳು ಕಾಣಿಸಿದರೆ ಲಾಂಗ್ ಶಾಟ್. ಸೊಂಟದಿಂದ ಮೇಲೆ ಕಂಡರೆ ಮಿಡ್ ಶಾಟ್. ಎದೆಯಿಂದ ಮೇಲಾದರೆ ಮಿಡ್ ಕ್ಲೋಸ್. ಮುಖವೇ ಚೌಕಟ್ಟನ್ನು ತುಂಬಿದರೆ ಕ್ಲೋಸ್‌ಅಪ್. ಕಣ್ಣೋ ತುಟಿಯೋ ಮಾತ್ರ ಇದ್ದರೆ ಎಕ್ಸ್‌ಟ್ರೀಮ್ ಕ್ಲೋಸ್‌ಅಪ್. ಇಬ್ಬರೂ ಒಟ್ಟಿಗಿದ್ದರೆ ಟು ಶಾಟ್. ಒಬ್ಬರ ಹೆಗಲ ಹಿಂದಿನಿಂದ ಇನ್ನೊಬ್ಬರ ಮುಖವನ್ನು ನೋಡುವುದನ್ನು ಚಿತ್ರೀಕರಣ ತಂಡದವರು ಸಜೆಷನ್ ಎನ್ನುತ್ತಾರೆ. ಪತ್ರ, ಕೈ, ಗಡಿಯಾರದಂಥ ವಸ್ತುವೊಂದನ್ನೇ ತುಂಬುಚಿತ್ರವಾಗಿ ತೋರಿಸಿದರೆ ಅದು ಇನ್ಸರ್ಟ್. ಮಿಡ್ ಎನ್ನಲೋ ಮಿಡ್ ಕ್ಲೋಸ್ ಎನ್ನಲೋ ಎಂಬ ಅನುಮಾನ ಬಂದರೆ ಯಾವುದಾದರೊಂದನ್ನು ಬರೆದು ಮುಂದೆ ಹೋಗಿ. ಹೆಸರು ತುಸು ತಪ್ಪಿದರೆ ನಷ್ಟವಿಲ್ಲ. ಅಳತೆ ಬದಲಾದ ಜಾಗ ತಪ್ಪಿದರೆ ನಷ್ಟ.

ಉದಾಹರಣೆಗೆಂದು ನಾನೇ ಕಟ್ಟಿದ ಒಂದು ದೃಶ್ಯವನ್ನು ಇಲ್ಲಿಟ್ಟುಕೊಳ್ಳೋಣ. ತಂದೆ ತೀರಿಕೊಂಡು ಕೆಲವು ವಾರಗಳಾಗಿವೆ. ಮನೆ ಮಾರುವ ಕಾಗದಪತ್ರ ಹಿಡಿದು ತಮ್ಮ ಬಂದಿದ್ದಾನೆ. ಅಕ್ಕನಿಗೆ ವಿಷಯ ಈಗಷ್ಟೇ ತಿಳಿಯಬೇಕಿದೆ. ಮೇಜಿನ ಎಡಕ್ಕೆ ಅಕ್ಕ, ಬಲಕ್ಕೆ ತಮ್ಮ. ನಡುವೆ, ಮೇಜಿನ ಆಚೆ ಬದಿಯಲ್ಲಿ, ತಂದೆಯ ಖಾಲಿ ಕುರ್ಚಿ.

1. ಬಾಗಿಲ ಹೊರಗಿನಿಂದ ಲಾಂಗ್ ಶಾಟ್. ಇಬ್ಬರೂ ಇದ್ದಾರೆ, ನಡುವೆ ಕುರ್ಚಿ. 8 ಸೆಕೆಂಡ್.
2. ಅಕ್ಕನ ಹೆಗಲ ಮೇಲಿಂದ ತಮ್ಮ, ಮಿಡ್ ಶಾಟ್: “ನಿನ್ನೆಯೇ ಬರಬೇಕೆಂದುಕೊಂಡಿದ್ದೆ ಅಕ್ಕ.” 4 ಸೆಕೆಂಡ್.
3. ತಮ್ಮನ ಹೆಗಲ ಮೇಲಿಂದ ಅಕ್ಕ, ಮಿಡ್ ಶಾಟ್: “ಇವತ್ತು ಬಂದೆಯಲ್ಲ, ಬಿಡು.” 3 ಸೆಕೆಂಡ್.
4. ಮತ್ತೆ 2ರಂತೆಯೇ. ತಮ್ಮ ಚೀಲದಿಂದ ಕಾಗದ ತೆಗೆಯುತ್ತಾನೆ. 6 ಸೆಕೆಂಡ್.
5. ಇನ್ಸರ್ಟ್. ಮೇಜಿನ ಮೇಲೆ ಕಾಗದವನ್ನು ಆಚೆಗೆ ಸರಿಸುವ ಕೈ. 3 ಸೆಕೆಂಡ್.
6. ಅಕ್ಕನ ಕ್ಲೋಸ್‌ಅಪ್. ತಮ್ಮನ ಹೆಗಲು ಚೌಕಟ್ಟಿನಲ್ಲಿಲ್ಲ. ಅವನ ಧ್ವನಿ ಮಾತ್ರ: “ಸಹಿ ಎಲ್ಲಿ ಹಾಕಬೇಕೆಂದು ಗುರುತು ಮಾಡಿದ್ದೇನೆ.” 7 ಸೆಕೆಂಡ್.
7. ತಮ್ಮ, ಒಬ್ಬನೇ, ಮಿಡ್ ಕ್ಲೋಸ್. ಮಾತಿಲ್ಲ. 3 ಸೆಕೆಂಡ್.
8. ಅಕ್ಕನ ಕ್ಲೋಸ್‌ಅಪ್: “ಅಪ್ಪನ ಕನ್ನಡಕ ಎಲ್ಲಿಟ್ಟೆ?” 4 ಸೆಕೆಂಡ್.
9. ತಮ್ಮನ ಕ್ಲೋಸ್‌ಅಪ್, ಚೌಕಟ್ಟಿನ ಎಡ ಅಂಚಿಗೆ ಒತ್ತಿಕೊಂಡಂತೆ. ಉತ್ತರವಿಲ್ಲ. 6 ಸೆಕೆಂಡ್.
10. ಮತ್ತೆ ಬಾಗಿಲಿನಿಂದ ಲಾಂಗ್ ಶಾಟ್. ಅಕ್ಕ: “ಪೆನ್ನು ಕೊಡು.” 12 ಸೆಕೆಂಡ್.

ಒಟ್ಟು 56 ಸೆಕೆಂಡ್, ಐದು ಮಾತು. ಹೊರನೋಟಕ್ಕೆ ಏನೂ ನಡೆದಿಲ್ಲ, ಯಾರೂ ದನಿ ಏರಿಸಿಲ್ಲ. ಆದರೂ ಪಟ್ಟಿಯ ಮೇಲೆ ಒಮ್ಮೆ ಬೆರಳಾಡಿಸಿದರೆ ಎರಡು ಕಡೆ ಬೆರಳು ತಡೆಯುತ್ತದೆ: 6ರಲ್ಲಿ ಮತ್ತು 9ರಲ್ಲಿ.

ಮೂರನೆಯ ಹಂತ: ಹೆಗಲು ಎಲ್ಲಿ ಮಾಯವಾಯಿತು?

ಇಬ್ಬರ ಸಂಭಾಷಣೆಯನ್ನು ಓದಲು ನನಗೆ ತಿಳಿದ ಅತ್ಯಂತ ನಂಬಿಕಸ್ಥ ಸುಳಿವು ಇದು. ಸಜೆಷನ್ ಶಾಟಿನಲ್ಲಿ ಒಬ್ಬರ ಮುಖದ ಜೊತೆಗೆ ಇನ್ನೊಬ್ಬರ ಹೆಗಲೋ ಕಿವಿಯ ಅಂಚೋ ಮಸುಕಾಗಿ ಕಾಣುತ್ತಿರುತ್ತದೆ. ಅದು ಇರುವಷ್ಟು ಹೊತ್ತು ಆ ಇಬ್ಬರೂ ಒಂದೇ ಚೌಕಟ್ಟಿನಲ್ಲಿದ್ದಾರೆ. ಜಗಳವಾಡುತ್ತಿದ್ದರೂ ಅವರ ನಡುವೆ ಎಳೆಯೊಂದು ಉಳಿದಿದೆ. ಹೆಗಲು ಮಾಯವಾಗಿ ಪ್ರತಿಯೊಬ್ಬರೂ ತಮ್ಮ ತಮ್ಮ ಚೌಕಟ್ಟಿನಲ್ಲಿ ಒಂಟಿಯಾದ ಗಳಿಗೆ ಆ ಎಳೆ ತುಂಡಾದ ಗಳಿಗೆ. ನಮ್ಮ ದೃಶ್ಯದಲ್ಲಿ 2, 3, 4ರಲ್ಲಿ ಹೆಗಲಿದೆ. ಕಾಗದ ಮೇಜಿನ ಮೇಲೆ ಸರಿದ ಮೇಲೆ ಒಮ್ಮೆಯೂ ಇಲ್ಲ. ‘ಸಹಿ’ ಎಂಬ ಮಾತು ಕಿವಿಗೆ ಬೀಳುವ ಮೊದಲೇ ಅಕ್ಕ ಒಂಟಿಯಾಗಿದ್ದಾಳೆ.

ಕೆಲವು ದೃಶ್ಯಗಳಲ್ಲಿ ಇದು ತಿರುವುಮುರುವಾಗಿರುತ್ತದೆ. ಮುನಿಸಿಕೊಂಡ ಇಬ್ಬರನ್ನು ಬಹಳ ಹೊತ್ತು ಬೇರೆ ಬೇರೆ ಚೌಕಟ್ಟಿನಲ್ಲಿ ತೋರಿಸಿ, ಒಬ್ಬರು ಕ್ಷಮೆ ಕೇಳಿದ ಮೇಲೆ ಮೊದಲ ಬಾರಿಗೆ ಟು ಶಾಟ್ ಕೊಡುತ್ತಾರೆ. ಆಗ ‘ಕ್ಷಮಿಸಿದೆ’ ಎಂಬ ಮಾತಿಗಿಂತ ಮುಂಚೆ ಚೌಕಟ್ಟೇ ಅವರನ್ನು ಒಂದು ಮಾಡಿರುತ್ತದೆ. ನಿಮ್ಮ ಪಟ್ಟಿಯಲ್ಲಿ ‘ಒಬ್ಬರು’, ‘ಹೆಗಲಿದೆ’, ‘ಇಬ್ಬರು’ ಎಂದು ಪ್ರತಿ ಶಾಟಿನ ಮುಂದೆ ಗುರುತು ಹಾಕಿಕೊಂಡರೆ ಈ ಏರಿಳಿತ ತಾನಾಗಿ ಕಾಣುತ್ತದೆ.

ನಾಲ್ಕನೆಯ ಹಂತ: ಮಾತನಾಡುತ್ತಿರುವವರು ಯಾರು, ಕಾಣುತ್ತಿರುವವರು ಯಾರು?

ಈಗ ಧ್ವನಿ ಹಾಕಿ ಮಾತಿನ ಕಾಲಂ ತುಂಬಿಸಿ. ಯಾವ ಮಾತು ಯಾವ ಮುಖದ ಮೇಲೆ ಬಿತ್ತು ಎಂಬುದನ್ನು ಸೂಕ್ಷ್ಮವಾಗಿ ಬರೆದುಕೊಳ್ಳಿ. ಮಾತನಾಡುವವರನ್ನು ಬಿಟ್ಟು ಕೇಳುವವರನ್ನು ತೋರಿಸುವ ಶಾಟನ್ನು ರಿಯಾಕ್ಷನ್ ಶಾಟ್ ಎನ್ನುತ್ತಾರೆ. ದೃಶ್ಯ ಯಾರದು ಎಂಬ ಪ್ರಶ್ನೆಗೆ ಉತ್ತರ ಬಹುತೇಕ ಇಲ್ಲಿರುತ್ತದೆ.

ನಮ್ಮ 6ನೇ ಶಾಟನ್ನೇ ನೋಡಿ. ‘ಸಹಿ ಎಲ್ಲಿ ಹಾಕಬೇಕೆಂದು ಗುರುತು ಮಾಡಿದ್ದೇನೆ’ ಎನ್ನುವಾಗ ತಮ್ಮನ ಮುಖ ತೋರಿಸಿದ್ದರೆ ನಾವು ಅವನ ಸಂಕೋಚವನ್ನು ನೋಡುತ್ತಿದ್ದೆವು. ಪಾಪ, ಅವನಿಗೂ ಕಷ್ಟವಿರಬಹುದು ಎಂದುಕೊಳ್ಳುತ್ತಿದ್ದೆವು. ಅದೇ ಮಾತು ಅಕ್ಕನ ಮುಖದ ಮೇಲೆ ಬಿದ್ದಾಗ ‘ಗುರುತು ಮಾಡಿದ್ದೇನೆ’ ಎಂಬ ಪದಗಳು ಚುಚ್ಚುತ್ತವೆ. ತನ್ನನ್ನು ಕೇಳುವ ಮೊದಲೇ ಎಲ್ಲ ಮುಗಿದಿದೆ ಎಂದು ಅವಳಿಗೆ ತಿಳಿಯುವುದನ್ನು ನಾವು ಅವಳೊಡನೆಯೇ ತಿಳಿಯುತ್ತೇವೆ. ಒಂದೇ ಮಾತು, ಅದೇ ನಟನೆ. ಸಂಕಲನಕಾರರು ಯಾವ ಮುಖವನ್ನು ಆರಿಸಿಕೊಂಡರು ಎಂಬುದರ ಮೇಲೆ ನಮ್ಮ ಸಹಾನುಭೂತಿ ಆಚೆಗೋ ಈಚೆಗೋ ಹೋಗುತ್ತದೆ.

ಪಕ್ಕದಲ್ಲಿ ಯಾವ ಚಿತ್ರವಿದೆ ಎಂಬುದರಿಂದಲೇ ಮುಖದ ಭಾವ ಬದಲಾದಂತೆ ತೋರುತ್ತದೆ ಎಂಬುದು ಹಳೆಯ ಅರಿವು. 1920ರ ಆಸುಪಾಸಿನಲ್ಲಿ ರಷ್ಯಾದ ನಿರ್ದೇಶಕ ಲೆವ್ ಕುಲೆಶೊವ್ ನಟ ಇವಾನ್ ಮೊಸ್ಯೂಕಿನ್‌ನ ನಿರ್ಲಿಪ್ತ ಮುಖದ ಒಂದೇ ಚಿತ್ರಿಕೆಯನ್ನು ಬೇರೆ ಬೇರೆ ಚಿತ್ರಗಳ ಜೊತೆ ಜೋಡಿಸಿ ತೋರಿಸಿದ. ಸೂಪಿನ ತಟ್ಟೆಯ ಪಕ್ಕದಲ್ಲಿ ಆ ಮುಖ ಹಸಿದಂತೆ, ಶವಪೆಟ್ಟಿಗೆಯ ಪಕ್ಕದಲ್ಲಿ ದುಃಖಿಸುವಂತೆ ಕಂಡಿತು. 9ನೇ ಶಾಟಿನಲ್ಲಿ ನಮ್ಮ ತಮ್ಮನೂ ಏನನ್ನೂ ಮಾಡಬೇಕಾಗಿಲ್ಲ. ಕನ್ನಡಕದ ಪ್ರಶ್ನೆಯ ನಂತರ ಬರುವ ಆ ಮುಖಕ್ಕೆ ಅಪರಾಧ ಭಾವವನ್ನು ತುಂಬುವವರು ನಾವೇ. ಅಭಿನಯವನ್ನು ಹೊಗಳುವ ಮೊದಲು ಈ ಜೋಡಣೆಯ ಪಾಲನ್ನು ತೂಗಿ ನೋಡುವುದು ನ್ಯಾಯ.

ಸೆಕೆಂಡುಗಳನ್ನೂ ಇಲ್ಲಿಯೇ ಗಮನಿಸಿ. ಮಾತು ಮುಗಿದ ಮೇಲೂ ಕತ್ತರಿಸದೆ ಉಳಿಸಿಕೊಂಡ ಪ್ರತಿ ಸೆಕೆಂಡಿಗೂ ತೂಕವಿದೆ. 9ರಲ್ಲಿ ಉತ್ತರ ಬರಬೇಕಾದ ಜಾಗದಲ್ಲಿ ಆರು ಸೆಕೆಂಡ್ ಮೌನವಿದೆ. ಗಡಿಯಾರ ನೋಡುತ್ತಾ ಆರು ಸೆಕೆಂಡ್ ಸುಮ್ಮನಿದ್ದು ನೋಡಿ, ಎಷ್ಟು ದೀರ್ಘ ಎಂದು ಗೊತ್ತಾಗುತ್ತದೆ.

ಐದನೆಯ ಹಂತ: ಚೌಕಟ್ಟಿನಲ್ಲಿ ಖಾಲಿ ಜಾಗ ಎಲ್ಲಿದೆ?

ಹಳೆಯ ಟಿವಿ ಪರದೆಯ ಅಗಲ ಮತ್ತು ಎತ್ತರದ ಅನುಪಾತ 4:3. ಅದರಲ್ಲಿ ಮುಖವೊಂದು ಬಂದರೆ ಪಕ್ಕದಲ್ಲಿ ಹೆಚ್ಚು ಜಾಗ ಉಳಿಯುತ್ತಿರಲಿಲ್ಲ. ಈಗಿನ 16:9 ಪರದೆ ಅಗಲವಾದದ್ದು. ಕ್ಲೋಸ್‌ಅಪ್ ತೆಗೆದರೂ ಪಕ್ಕದಲ್ಲಿ ಧಾರಾಳ ಜಾಗ ಮಿಗುತ್ತದೆ, ಆ ಜಾಗವನ್ನು ಎಲ್ಲಿ ಬಿಡಬೇಕೆಂದು ಛಾಯಾಗ್ರಾಹಕರು ನಿರ್ಧರಿಸಲೇಬೇಕು. ರೂಢಿಯ ಪ್ರಕಾರ ಪಾತ್ರ ನೋಡುತ್ತಿರುವ ದಿಕ್ಕಿನಲ್ಲಿ ಜಾಗ ಬಿಡುತ್ತಾರೆ. ಬಲಕ್ಕೆ ನೋಡುವವರು ಚೌಕಟ್ಟಿನ ಎಡಭಾಗದಲ್ಲಿರುತ್ತಾರೆ, ನೋಟಕ್ಕೆ ಉಸಿರಾಡಲು ಎಡೆ ಸಿಗುತ್ತದೆ. ಈ ರೂಢಿಯನ್ನು ಮುರಿದು, ಎಡಕ್ಕೆ ನೋಡುವವರನ್ನು ಎಡ ಅಂಚಿಗೇ ತಂದು ನಿಲ್ಲಿಸಿದರೆ ಅವರ ನೋಟ ಗೋಡೆಗೆ ಬಡಿದಂತಾಗುತ್ತದೆ, ಬೆನ್ನ ಹಿಂದೆ ಅರ್ಧ ಪರದೆ ಖಾಲಿ ಬೀಳುತ್ತದೆ. 9ರಲ್ಲಿ ತಮ್ಮನಿಗೆ ಆಗಿರುವುದು ಇದೇ. 7ರಲ್ಲಿ ಅವನ ಮುಂದೆ ಜಾಗವಿತ್ತು. ಕನ್ನಡಕದ ಪ್ರಶ್ನೆ ಅದನ್ನು ಕಿತ್ತುಕೊಂಡಿತು.

ದಿಕ್ಕಿನ ಮಾತು ಬಂದಿತೆಂದು ಇದನ್ನೂ ಹೇಳಿಬಿಡುತ್ತೇನೆ. ಇಬ್ಬರ ನಡುವೆ ಒಂದು ಗೆರೆ ಎಳೆದಂತೆ ಭಾವಿಸಿ, ಕ್ಯಾಮೆರಾವನ್ನು ಅದರ ಒಂದೇ ಬದಿಯಲ್ಲಿ ಇಡುವುದು ವಾಡಿಕೆ. 180 ಡಿಗ್ರಿ ನಿಯಮ ಎನ್ನುವುದು ಇದನ್ನೇ. ನಮ್ಮ ದೃಶ್ಯದಲ್ಲಿ ಕ್ಯಾಮೆರಾ ಸದಾ ಬಾಗಿಲಿನ ಬದಿಯಲ್ಲಿದೆ, ಹೀಗಾಗಿ ಅಕ್ಕ ಯಾವಾಗಲೂ ಬಲಕ್ಕೇ ನೋಡುತ್ತಾಳೆ. ಗೆರೆ ದಾಟಿದರೆ ದಿಕ್ಕು ಅದಲುಬದಲಾಗಿ ನೋಡುಗರಿಗೆ ಕ್ಷಣಕಾಲ ಗಲಿಬಿಲಿಯಾಗುತ್ತದೆ. ಧೈರ್ಯವಿರುವ ನಿರ್ದೇಶಕರು ಆ ಗಲಿಬಿಲಿಯನ್ನೇ ಬಳಸಿಕೊಳ್ಳುತ್ತಾರೆ. ನಮ್ಮ ಮೇಜಿನ ಆಚೆ ಬದಿಯಲ್ಲಿರುವುದು ತಂದೆಯ ಕುರ್ಚಿ ಎಂಬುದನ್ನು ಮರೆಯಬೇಡಿ. ಕೊನೆಯ ಶಾಟನ್ನು ಅಲ್ಲಿಂದ ತೆಗೆದಿದ್ದರೆ ಮಕ್ಕಳಿಬ್ಬರನ್ನು ಯಾರು ನೋಡುತ್ತಿದ್ದಾರೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆರನೆಯ ಹಂತ: ದೂರ, ಎತ್ತರ, ಚಲನೆ

ಒಂದೇ ಅಳತೆಯ ಎರಡು ಕ್ಲೋಸ್‌ಅಪ್‌ಗಳು ಬೇರೆ ಬೇರೆ ಅನುಭವ ಕೊಡಬಹುದು. 24 ಮಿಲಿಮೀಟರ್‌ನಂಥ ಅಗಲ ನೋಟದ ಲೆನ್ಸ್ ಹಾಕಿ ಮುಖ ತುಂಬಿಸಬೇಕಾದರೆ ಕ್ಯಾಮೆರಾ ಮೂಗಿನ ಬಳಿಗೇ ಬರಬೇಕು. ಆಗ ಮುಖದ ಉಬ್ಬುತಗ್ಗು ಹೆಚ್ಚಾಗಿ ಕಾಣುತ್ತದೆ, ನಾವು ಆ ಪಾತ್ರದ ತೀರಾ ಸನಿಹಕ್ಕೆ ನುಗ್ಗಿದಂತೆ ಅನಿಸುತ್ತದೆ. 135 ಮಿಲಿಮೀಟರ್ ಲೆನ್ಸಿನಲ್ಲಿ ಅದೇ ಮುಖವನ್ನು ದೂರದಿಂದ ತೆಗೆದರೆ ಹಿನ್ನೆಲೆ ಮಸುಕಾಗಿ ಹತ್ತಿರಕ್ಕೆ ಬಂದಂತಿರುತ್ತದೆ; ಮರೆಯಲ್ಲಿ ನಿಂತು ಗಮನಿಸುತ್ತಿರುವ ಭಾವ ಬರುತ್ತದೆ. ಪರದೆ ನೋಡಿ ಲೆನ್ಸಿನ ಸಂಖ್ಯೆ ಹೇಳುವ ಅಗತ್ಯವಿಲ್ಲ. ‘ಕ್ಯಾಮೆರಾ ಈ ಮನುಷ್ಯನ ಪಕ್ಕದಲ್ಲಿದೆಯೋ, ಕೋಣೆಯ ಆಚೆ ತುದಿಯಲ್ಲಿದೆಯೋ’ ಎಂದು ಕೇಳಿಕೊಂಡರೆ ಸಾಕು. ಪಾತ್ರದ ನೋಟ ಲೆನ್ಸಿಗೆ ಎಷ್ಟು ಹತ್ತಿರದಲ್ಲಿ ಹಾದುಹೋಗುತ್ತದೆ ಎಂಬುದನ್ನೂ ನೋಡಿ. ಎರಡೂ ಕಣ್ಣು ಪೂರ್ತಿ ಕಂಡರೆ ನಾವು ಒಳಗಿನವರು, ಮುಖದ ಒಂದು ಪಕ್ಕ ಮಾತ್ರ ಕಂಡರೆ ಹೊರಗಿನವರು.

ಕ್ಯಾಮೆರಾ ಮೇಲಿನಿಂದ ನೋಡಿತೋ ಕೆಳಗಿನಿಂದಲೋ ಎಂಬುದಕ್ಕೆ ನಾನು ಹೆಚ್ಚು ಜಾಗ ಕೊಡುವುದಿಲ್ಲ. ನಿಂತವರು ಕುಳಿತವರನ್ನು ನೋಡುವಾಗ ಕೋನ ತಾನಾಗಿಯೇ ಮೇಲಿನದಾಗುತ್ತದೆ; ಅದರಲ್ಲಿ ದರ್ಪ ಹುಡುಕಬೇಕಾಗಿಲ್ಲ. ಯಾವ ಕಾರಣವೂ ಕಾಣದೆ ಕೋನ ಬದಲಾಗಿದ್ದರೆ ಮಾತ್ರ ಬರೆದುಕೊಳ್ಳಿ.

ಚಲನೆಯಲ್ಲಿ ಒಂದು ವ್ಯತ್ಯಾಸ ಗೊತ್ತಿರಬೇಕು. ಜೂಮ್ ಮಾಡಿದಾಗ ಕ್ಯಾಮೆರಾ ನಿಂತಲ್ಲೇ ನಿಂತು ಚಿತ್ರ ದೊಡ್ಡದಾಗುತ್ತದೆ, ಮುಖಕ್ಕೂ ಹಿನ್ನೆಲೆಗೂ ಇರುವ ಪ್ರಮಾಣ ಹಾಗೆಯೇ ಉಳಿಯುತ್ತದೆ. ಕ್ಯಾಮೆರಾವೇ ಟ್ರಾಲಿಯ (ಗಾಲಿಬಂಡಿಯ) ಮೇಲೆ ಮುಂದೆ ಸರಿದರೆ ಆ ಪ್ರಮಾಣ ಬದಲಾಗುತ್ತದೆ, ವಸ್ತುಗಳು ನಮ್ಮ ಅಕ್ಕಪಕ್ಕದಲ್ಲಿ ಹಿಂದೆ ಸರಿಯುತ್ತವೆ. ಮೊದಲನೆಯದು ಯಾರೋ ಬೆರಳು ತೋರಿಸಿದಂತೆ, ಎರಡನೆಯದು ನಾವೇ ನಡೆದು ಹೋದಂತೆ. ನಿಧಾನವಾಗಿ ಮುಂದೆ ಸರಿಯುವ ಟ್ರಾಲಿ ಬಹುಮಟ್ಟಿಗೆ ಪಾತ್ರದ ಮನಸ್ಸಿನಲ್ಲಿ ನಿರ್ಧಾರವೊಂದು ಗಟ್ಟಿಯಾಗುವಾಗ ಬರುತ್ತದೆ. ಯಾವ ಪದಕ್ಕೆ ಹೊರಟಿತು, ಯಾವ ಪದಕ್ಕೆ ನಿಂತಿತು ಎಂದು ಬರೆದುಕೊಳ್ಳಿ.

ಏಳನೆಯ ಹಂತ: ಇದು ಆಯ್ಕೆಯೋ, ಅನುಕೂಲವೋ?

ಪಟ್ಟಿಯಲ್ಲಿರುವ ಎಲ್ಲ ಶಾಟಿಗೂ ಆಳವಾದ ಅರ್ಥ ಹಚ್ಚಬಾರದು. 1951ರಲ್ಲಿ ಆರಂಭವಾದ ಅಮೆರಿಕದ ‘ಐ ಲವ್ ಲೂಸಿ’ ಹಾಸ್ಯ ಧಾರಾವಾಹಿಯಲ್ಲಿ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ಪ್ರೇಕ್ಷಕರೆದುರೇ ಮೂರು ಫಿಲ್ಮ್ ಕ್ಯಾಮೆರಾಗಳನ್ನು ಒಟ್ಟಿಗೆ ಓಡಿಸಿದರು. ಬಹುಕ್ಯಾಮೆರಾ ಪದ್ಧತಿಯಲ್ಲಿ ಚಿತ್ರೀಕರಿಸುವ ಧಾರಾವಾಹಿಗಳು ಇಂದಿಗೂ ಇವೆ. ಒಂದು ಕ್ಯಾಮೆರಾ ಇನ್ನೊಂದರ ಕಣ್ಣಿಗೆ ಬೀಳಬಾರದು, ಎಲ್ಲ ಕಡೆಗೂ ಒಂದೇ ಬೆಳಕು ಒಗ್ಗಬೇಕು. ಹೀಗಾಗಿ ಅಲ್ಲಿ ಕ್ಯಾಮೆರಾ ಎಲ್ಲಿ ಬೇಕೆಂದರಲ್ಲಿ ನಿಲ್ಲಲಾರದು. ಒಂದೇ ಕ್ಯಾಮೆರಾದಲ್ಲಿ ಪ್ರತಿ ಶಾಟಿಗೂ ಬೇರೆಯಾಗಿ ಬೆಳಕು ಕಟ್ಟಿ ತೆಗೆದ ದೃಶ್ಯದಲ್ಲಿ ಆಯ್ಕೆಯ ಪಾಲು ಹೆಚ್ಚು. ಒಂದೇ ಭಾಗವನ್ನು ಬೇರೆ ಬೇರೆ ಸಲ ತೆಗೆದ ಎರಡು ಟೇಕ್‌ಗಳ ನಡುವಿನ ಜಿಗಿತವನ್ನು ಮುಚ್ಚಲೆಂದೇ ಸೇರಿಸಿದ ಕಿಟಕಿಯ ಶಾಟೂ ಇರಬಹುದು.

ಬೇರ್ಪಡಿಸಲು ನಾನು ಬಳಸುವ ಪರೀಕ್ಷೆ ಹೀಗಿದೆ: ಆ ಶಾಟನ್ನು ಮನಸ್ಸಿನಲ್ಲೇ ತೆಗೆದು ಬೇರೊಂದನ್ನು ಇಡಿ. 4ನೇ ಶಾಟಿನ ಬದಲು ಟು ಶಾಟ್ ಇಟ್ಟರೂ ಕಥೆಗೆ ದೊಡ್ಡ ಧಕ್ಕೆಯಿಲ್ಲ, ಅದನ್ನು ಬಿಟ್ಟುಬಿಡಬಹುದು. 10ರ ಬದಲು ಅಕ್ಕನ ಕ್ಲೋಸ್‌ಅಪ್ ಇಟ್ಟರೆ? ಅವಳು ಸೋತಳೋ, ಸಿಟ್ಟಾದಳೋ, ತಮ್ಮನನ್ನು ಕ್ಷಮಿಸಿದಳೋ ಎಂದು ಮುಖ ಹೇಳಿಬಿಡುತ್ತದೆ. ಲಾಂಗ್ ಶಾಟ್ ಅದನ್ನು ಹೇಳಲು ಒಪ್ಪುವುದಿಲ್ಲ. ಅದೇ ಬಾಗಿಲು, ಅದೇ ಮೇಜು, ಅದೇ ಖಾಲಿ ಕುರ್ಚಿ. ಮೊದಲ ಶಾಟಿನಲ್ಲಿ ಕುರ್ಚಿಯನ್ನು ನೋಡದೆ ಬಿಟ್ಟವರೂ ಈಗ ಅದನ್ನೇ ನೋಡುತ್ತಾರೆ.

ಎಂಟನೆಯ ಹಂತ: ಬರೆಯುವುದು

‘ನಿರ್ದೇಶಕರು ಭಾವನೆಯನ್ನು ತೋರಿಸಲು ಕ್ಲೋಸ್‌ಅಪ್ ಬಳಸಿದ್ದಾರೆ’ ಎಂಬ ವಾಕ್ಯವನ್ನು ಯಾವ ದೃಶ್ಯಕ್ಕೆ ಬೇಕಾದರೂ ಅಂಟಿಸಬಹುದು, ಆದ್ದರಿಂದ ಅದು ಯಾವ ದೃಶ್ಯದ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಅದರ ಬದಲು ಹೀಗೆ ಬರೆದು ನೋಡಿ: ‘ಕಾಗದ ಮೇಜಿನ ಮೇಲೆ ಸರಿಯುವವರೆಗೂ ಅಕ್ಕ ತಮ್ಮ ಇಬ್ಬರೂ ಒಬ್ಬರ ಚೌಕಟ್ಟಿನಲ್ಲಿ ಇನ್ನೊಬ್ಬರು ಇದ್ದರು, ಆಮೇಲೆ ಅಕ್ಕನ ಕ್ಲೋಸ್‌ಅಪ್‌ನಿಂದ ತಮ್ಮನ ಹೆಗಲು ಮಾಯವಾಗುತ್ತದೆ, ಸಹಿಯ ಮಾತನ್ನು ಅವಳು ಒಬ್ಬಳೇ ಕೇಳಿಸಿಕೊಳ್ಳುತ್ತಾಳೆ.’ ಯಾವ ಗಳಿಗೆ, ಹಿಂದಿನದಕ್ಕಿಂತ ಏನು ಬದಲಾಯಿತು, ಅದರಿಂದ ನಮಗೆ ಏನು ತಿಳಿಯಿತು ಎಂಬ ಮೂರೂ ಅದರಲ್ಲಿವೆ. ಇಂಥ ನಾಲ್ಕೈದು ವಾಕ್ಯ ಸಿಕ್ಕರೆ ಲೇಖನ ನಿಲ್ಲುತ್ತದೆ. ಮೊದಲ ಹಂತದಲ್ಲಿ ಬರೆದಿಟ್ಟ ಸಾಲನ್ನು ಈಗ ತೆಗೆದು ಓದಿ. ಶಾಟ್‌ಗಳು ಹೇಳುವುದಕ್ಕೂ ಅದಕ್ಕೂ ತಾಳೆಯಾಗದಿದ್ದರೆ ಸಾಲನ್ನು ತಿದ್ದಿ, ಶಾಟ್‌ಗಳನ್ನು ಬಗ್ಗಿಸಬೇಡಿ.

ಕೊನೆಯ ಕಾಲಂ ಇನ್ನೂ ಖಾಲಿಯಿದೆ. ಈಗ ಪರದೆಗೆ ಬೆನ್ನು ಹಾಕಿ, ದೃಶ್ಯವನ್ನು ಕಿವಿಯಿಂದ ಮಾತ್ರ ಕೇಳಿ. ಒಂದು ಶಾಟಿನ ಸದ್ದು ಮುಂದಿನ ಶಾಟಿನೊಳಗೆ ಹರಿದಿದೆಯೇ, ಸದ್ದಿನ ದೂರವೂ ಕ್ಯಾಮೆರಾದ ದೂರವೂ ಒಂದೇ ಆಗಿದೆಯೇ ಎಂದು ಬರೆದುಕೊಳ್ಳಿ. ನಮ್ಮ 10ನೇ ಶಾಟಿನ ಕೊನೆಯಲ್ಲಿ ಪೆನ್ನಿನ ಮುಚ್ಚಳ ತೆಗೆದ ‘ಟಿಕ್’ ಎಂಬ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆ ಎಂದಿಟ್ಟುಕೊಳ್ಳಿ. ಬಾಗಿಲಿನಷ್ಟು ದೂರಕ್ಕೆ ಕೇಳಿಸುವ ಸದ್ದು ಅದಲ್ಲ. ನಮ್ಮ ಕಣ್ಣನ್ನು ಬಾಗಿಲ ಹೊರಗೆ ನಿಲ್ಲಿಸಿದ್ದಾರೆ, ಕಿವಿಯನ್ನು ಮಾತ್ರ ಅಕ್ಕನ ಕೈಯ ಬಳಿಯೇ ಬಿಟ್ಟಿದ್ದಾರೆ.